ಎರಡನೆಯ ಸಿಲಿಂಡರಿನ ಮಸಿ

ಗ್ಯಾರೇಜಿಗೆ ಹೊಸದಾಗಿ ಸೇರುವ ಹುಡುಗರು ಈಗ ಮೊದಲು ಕೇಳುವುದು ಸ್ಕ್ಯಾನರ್ ಎಲ್ಲಿದೆ ಎಂದು. ಕೇಳಲಿ, ತಪ್ಪೇನಿಲ್ಲ. ಕೊನೆಯ ವರ್ಷಗಳಲ್ಲಿ ನಾನೂ ಅದನ್ನು ಬಳಸಿದವನೇ. ಆದರೆ ಇಂಜಿನ್ನಿನ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಬಿದ್ದು ಒಳಗಿನಿಂದ ಕಟಕಟ ಸಪ್ಪಳ ಬರುತ್ತಿದ್ದರೆ ಸ್ಕ್ಯಾನರ್ ಹೇಳುವುದು ಇಷ್ಟೇ: ಇಂಥ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಯಾಕೆ ಎಂಬುದನ್ನು ನೀವೇ ಪತ್ತೆ ಮಾಡಬೇಕು. ಪತ್ತೆಯಾದದ್ದನ್ನು ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಎಂಬುದು ಬೇರೆಯೇ ವಿದ್ಯೆ, ಅದು ನನಗೆ ಕೊನೆಯವರೆಗೂ ಹತ್ತಲಿಲ್ಲ. ಮಲ್ಲೇಶಿ ಎಂಬ ಡ್ರೈವರನ ಕೆಲಸ, ಅವನ ತಲೆಯ ಮೇಲಿನ ಸೂರು ಎರಡೂ ಒಂದು ಸಿಲಿಂಡರಿನ ಮೇಲೆ ನಿಂತಿದ್ದವು. ಅದನ್ನು ಬಿಚ್ಚಿ ನೋಡಿದವನು ನಾನು. ಆ ಕತೆ ಹೇಳುವುದಕ್ಕೇ ಬರೆಯಲು ಕೂತಿದ್ದೇನೆ, ಉಳಿದದ್ದು ದಾರಿಯಲ್ಲಿ ಬಂದಷ್ಟು ಬರಲಿ.

ನನ್ನ ಊರು ಧಾರವಾಡದ ಹತ್ತಿರ. ಮುಂಬಯಿಗೆ ಬಂದಾಗ ಮೀಸೆ ಚಿಗುರಿರಲಿಲ್ಲ, ಕೆಲಸ ಬಿಟ್ಟಾಗ ಅದು ಪೂರ್ತಿ ಬೆಳ್ಳಗಾಗಿತ್ತು. ನಡುವಿನ ಕಾಲವೆಲ್ಲ ಗೋರೆಗಾಂವ್ ಪಶ್ಚಿಮದ ಒಂದೇ ಗ್ಯಾರೇಜಿನ ಎಣ್ಣೆ ಕುಡಿದ ನೆಲದ ಮೇಲೆ ಕಳೆಯಿತು. ಬೆಳಿಗ್ಗೆ ಬೊರಿವಲಿಯಲ್ಲಿ ಲೋಕಲ್ ರೈಲು ಹತ್ತುವುದು, ಸಂಜೆ ಲೋಕಲ್ ಇಳಿದು ಚಾಳಿನ ಮನೆಗೆ ಬರುವುದು. ಯಾವಾಗ ಹೆಡ್ ಮಿಸ್ತ್ರಿಯಾದೆ, ಆಗ ಯಾರು ಹಾರ ಹಾಕಿದರು ಎಂಬುದು ಓದುವವರಿಗೆ ಬೇಡ, ನನಗೂ ಬೇಡ.

ಕೆಲಸ ಕಲಿಸಿದವರು ಕರೀಮ್ ಉಸ್ತಾದ್. ಒಂದು ಬೈಗುಳ ಸೇರಿಸದೆ ಅವರು ಯಾರ ಕೈಗೂ ಬೋಲ್ಟ್ ಬಿಚ್ಚುವ ಪಾನಾ ಕೊಟ್ಟವರಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಕೊಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಮೇಲಿನಿಂದ ಬರುವ ತೆಳು ಟಿಕಟಿಕ ಟ್ಯಾಪೆಟ್ಟಿನದು, ಮುಂದಿನಿಂದ ಬರುವ ಗರಗರ ಟೈಮಿಂಗ್ ಚೈನಿನದು, ತಳದಿಂದ ಬರುವ ಗುದ್ದು ಬೇರಿಂಗಿನದು. ಇಂಜಿನ್ ತಣ್ಣಗಿದ್ದಾಗ ಇದ್ದು ಬಿಸಿಯಾದಂತೆ ಕಡಿಮೆಯಾಗುವುದು ಸವೆದ ಪಿಸ್ಟನ್ನಿನದು. ಇದನ್ನು ಅವರು ನನಗೆ ಬಾಯಿಂದ ಹೇಳಿದ್ದಕ್ಕಿಂತ ನನ್ನ ತಲೆಯನ್ನು ಹಿಡಿದು ಇಂಜಿನ್ನಿನ ಮೇಲೆ ಬಗ್ಗಿಸಿ ಕಲಿಸಿದ್ದೇ ಹೆಚ್ಚು.

ಅಂಥ ಉಸ್ತಾದರೂ ಒಮ್ಮೆ ಎಡವಿದರು. ಫಿಲ್ಮ್ ಸಿಟಿಯ ಶೂಟಿಂಗಿನವರು ಒಂದು ಹಳೆಯ ಜೀಪು ತಂದಿದ್ದರು. ಅದರೊಳಗೆ ಇಬ್ಬರು ಕೂತು ಪಿಸುಮಾತಾಡುವ ದೃಶ್ಯವಂತೆ, ಟ್ಯಾಪೆಟ್ಟಿನ ಟಿಕಟಿಕ ಮೈಕಿಗೆ ಬೀಳುತ್ತಿದೆ, ನಿಲ್ಲಿಸಿಕೊಡಿ ಅಂದರು. ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಉಗುರಿನಷ್ಟೂ ದಪ್ಪವಿಲ್ಲದ ಒಂದು ಸಂದು ಇರುತ್ತದೆ. ಟಿಕಟಿಕ ಬರುವುದು ಅದರಿಂದಲೇ, ವಾಲ್ವು ಪೂರ್ತಿ ಮುಚ್ಚಿಕೊಳ್ಳುವುದೂ ಅದರಿಂದಲೇ. ಉಸ್ತಾದ್ ಆ ಸಂದನ್ನು ಬಿಗಿದುಬಿಟ್ಟರು. ಜೀಪು ಬೆಕ್ಕು ನಡೆದ ಹಾಗೆ ಹೋಯಿತು, ಶೂಟಿಂಗಿನವರು ಖುಷಿಯಾದರು. ಕೆಲವು ದಿನ ಕಳೆದು ಅದನ್ನೇ ಹಗ್ಗ ಕಟ್ಟಿ ಎಳೆದು ತಂದರು. ಪೂರ್ತಿ ಮುಚ್ಚದ ವಾಲ್ವುಗಳ ಅಂಚು ಸುಟ್ಟು ಕಂಪ್ರೆಷನ್ನೇ ಇರಲಿಲ್ಲ.

ಉಸ್ತಾದ್ ಅಂದು ಯಾರನ್ನೂ ಬೈಯಲಿಲ್ಲ. ಇಂಜಿನ್ನಿನ ಮೇಲ್ಭಾಗದ ಹೆಡ್ಡನ್ನು ತಾವೇ ಬಿಚ್ಚಿದರು, ನಮಗೆ ಮುಟ್ಟಲು ಬಿಡಲಿಲ್ಲ. ಕೊನೆಗೆ ನನ್ನ ಕಡೆ ನೋಡಿ, "ಗಿರಾಕ್ ಕೋ ಜೋ ಚಾಹಿಯೇ ಥಾ, ವೋ ದಿಯಾ. ಗಾಡೀ ಕೋ ಜೋ ಚಾಹಿಯೇ ಥಾ, ವೋ ನಹೀಂ ದಿಯಾ," ಅಂದರು. ಗಿರಾಕಿಯ ಇಷ್ಟ ನೋಡಿದೆ, ಗಾಡಿಯ ಕಷ್ಟ ನೋಡಲಿಲ್ಲ ಎಂಬ ಅವರ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾರಿಗೆ ಹಿಡಿಸಲಿ, ಹಿಡಿಸದಿರಲಿ, ಇಂಜಿನ್ನಿನಲ್ಲಿ ಏನು ಕಂಡಿತೋ ಅದನ್ನೇ ಹೇಳಬೇಕೆಂದು ನಿಶ್ಚಯ ಮಾಡಿಕೊಂಡೆ. ಆಮೇಲೆ ಸಿಎನ್‌ಜಿ ಬಂದಾಗ ಇದೇ ರೋಗ ತಾನಾಗಿ ಬರತೊಡಗಿತು. ಆ ಒಣ ಗ್ಯಾಸಿನಲ್ಲಿ ವಾಲ್ವು ಕೂರುವ ಜಾಗ ಸವೆದು, ಸಂದು ತಾನೇ ಮುಚ್ಚಿ, ಇಂಜಿನ್ ಮೆತ್ತಗಾಗುತ್ತದೆ. ಡ್ರೈವರುಗಳು ಬಂದು, ನಮ್ಮ ಗಾಡಿ ಈಗ ಎಷ್ಟು ಸೈಲೆಂಟ್ ಆಗಿದೆ ನೋಡಿ ಎನ್ನುತ್ತಿದ್ದರು. ಅವರ ಆ ಸಂತೋಷಕ್ಕೆ ತಣ್ಣೀರು ಹಾಕುವುದೇ ನನ್ನ ಕೆಲಸವಾಗಿತ್ತು. ಖಡಾಖಡಿ ಮನುಷ್ಯ ಎಂಬ ಹೆಸರು ಬಂತು, ನನಗೆ ಅದರ ಮೇಲೆ ಸ್ವಲ್ಪ ಗರ್ವವೂ ಇತ್ತು.

ಮಲ್ಲೇಶಿ ಬಂದದ್ದು ಆ ಗರ್ವ ತುಂಬಿ ತುಳುಕುತ್ತಿದ್ದ ಕಾಲದಲ್ಲಿ, ಉಸ್ತಾದ್ ತೀರಿಹೋಗಿ ಎಷ್ಟೋ ವರ್ಷಗಳಾದ ಮೇಲೆ. ಇಂಡಿ ಕಡೆಯ ಹುಡುಗ, ಮೂವತ್ತರ ಆಸುಪಾಸು. ಹಂಜಿ ಸಾವಕಾರ್ರ ಗಾಡಿ ಓಡಿಸುತ್ತಿದ್ದ. ಸಾವಕಾರ್ರು ಬೆಳಗಾವಿಯವರು, ದಾದರಿನಲ್ಲಿ ಬಟ್ಟೆ ಅಂಗಡಿ, ಬೊರಿವಲಿಯಲ್ಲಿ ಫ್ಲ್ಯಾಟು. ಮಲ್ಲೇಶಿಯ ಹೆಂಡತಿ ಗಂಗವ್ವ ಅವರ ಅಡಿಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಸಾವಕಾರ್ರ ಮುದಿ ತಾಯಿಗೆ ಅಂಗಡಿಯ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಗಂಡ ಹೆಂಡತಿಗೆ ಇರಲು ಬಿಲ್ಡಿಂಗಿನ ಕೆಳಗೆ, ನೀರಿನ ಪಂಪಿನ ಪಕ್ಕದಲ್ಲಿ ಒಂದು ಖೋಲಿ ಕೊಟ್ಟಿದ್ದರು. ಮುಂಬಯಿಯಲ್ಲಿ ಬಾಗಿಲಿರುವ ಖೋಲಿ ಸಿಗುವುದೆಂದರೆ ಏನೆಂದು ಇಲ್ಲಿಗೆ ದುಡಿಯಲು ಬಂದವರಿಗೆ ಹೇಳಬೇಕಾಗಿಲ್ಲ.

"ಗಾಡಿ ಎಳ್ಯಾಕತ್ತಿಲ್ಲ ಕಾಕಾ," ಅಂದ. "ಸಿಗ್ನಲ್ಲಿಗೆ ನಿಂತ್ರ ನಡಗತೈತಿ. ಫ್ಲೈಓವರ್ ಹತ್ತೂ ಮುಂದ ಒಳಗ ಕಟಕಟ ಅಂತೈತಿ."

"ಯಾವಾಗಿಂದ?"

"ನಾ ದಸರಾ ಆದಮ್ಯಾಲೆ ಕೆಲಸಕ್ಕ ಹತ್ತಿದ್ನಿ. ಅವಾಗ ಸಣ್ಣಗಿತ್ರಿ. ಈಗ ಜೋರಾಗೈತಿ." ಆಮೇಲೆ ಅವನೇ ತಲೆ ತಗ್ಗಿಸಿ, "ತಪ್ಪು ನಂದ ಐತ್ರಿ. ಎಣ್ಣಿ ಚೆಕ್ ಮಾಡಿಲ್ಲ ನಾ. ಆ ಕಡೆ ಗ್ಯಾರೇಜಿನವ್ರು ಸಾವಕಾರ್ರ ಮುಂದನ ಅಂದ್ರು, ರಿಂಗ್ ಹೋಗ್ಯಾವ, ಡ್ರೈವರ್ ಎಣ್ಣಿ ಇಲ್ದ ಓಡಿಸ್ಯಾನ ಅಂತ. ನಾ ಒಪ್ಕೊಂಡೆ. ಸಾವಕಾರ್ರು ದೊಡ್ಡ ಮನಸ್ ಮಾಡಿ, ಆಗಲಿ ಬಿಡು, ಇನ್ನ ಮ್ಯಾಲೆ ಹುಷಾರ್ ಅಂದಾರ. ನೀವು ರಿಪೇರಿ ಮಾಡಿ ಕೊಟ್ರ ಮುಗೀತ್ರಿ," ಅಂದ.

ಎಣ್ಣೆಯ ಕಡ್ಡಿ ಎಳೆದು ನೋಡಿದೆ. ಎಣ್ಣೆ ಗೆರೆಯವರೆಗೂ ಇತ್ತು, ಚೊಕ್ಕಟವಾಗಿಯೂ ಇತ್ತು.

"ಯಾವಾಗ ಖಾಲಿ ಆಗಿತ್ತೋ ಇದು?"

"ಯಾವಾಗರೆ ಆಗಿರಬೇಕಲ್ರಿ," ಅಂದ ಮಲ್ಲೇಶಿ.

ಆ ಉತ್ತರ ಕೇಳಿ ನನ್ನ ಪಿತ್ತ ನೆತ್ತಿಗೇರಿತು. ತಾನು ಮಾಡಿದೆನೋ ಇಲ್ಲವೋ ಗೊತ್ತಿಲ್ಲದೆ ತಪ್ಪು ಒಪ್ಪಿಕೊಳ್ಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಬಡವರು ಹೀಗೆ ಕೈಮುಗಿದೂ ಕೈಮುಗಿದೂ ಹಾಳಾದರು ಎಂದು ಮನಸ್ಸಿನಲ್ಲೇ ಬೈದುಕೊಂಡು ಸ್ಪಾರ್ಕ್ ಪ್ಲಗ್ ಬಿಚ್ಚಲು ಶುರುಮಾಡಿದೆ.

ನಾಲ್ಕೂ ಪ್ಲಗ್ ತೆಗೆದು, ಒಂದೊಂದೇ ತೂತಿಗೆ ಒತ್ತಡ ಅಳೆಯುವ ಗೇಜ್ ಸಿಕ್ಕಿಸಿ, ಸೆಲ್ಫ್ ಹೊಡೆಸಿದೆ. ಮೂರು ಸಿಲಿಂಡರಿನಲ್ಲಿ ಮುಳ್ಳು ಒಂದೇ ಕಡೆ ಬಂದು ನಿಂತಿತು. ಎರಡನೆಯದರಲ್ಲಿ ಬಹಳ ಕೆಳಗೇ ಉಳಿಯಿತು. ಆ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಎಣ್ಣೆ ಬಿಟ್ಟು ಮತ್ತೆ ನೋಡಿದೆ. ಪಿಸ್ಟನ್ನಿನ ಸುತ್ತಲಿನ ರಿಂಗು ಸವೆದಿದ್ದರೆ ಎಣ್ಣೆ ಅಲ್ಲಿನ ಸಂದನ್ನು ತುಂಬಿ ಮುಳ್ಳು ಮೇಲೇರಬೇಕು. ಎಲ್ಲ ಸಿಲಿಂಡರಿನಲ್ಲೂ ಏರುವ ಅಷ್ಟೋ ಇಷ್ಟೋ ಬಿಟ್ಟರೆ ಇಲ್ಲಿ ಏರಲಿಲ್ಲ. ಅಂದರೆ ರಿಂಗು ಹೋಗಿಲ್ಲ, ಎಣ್ಣೆಯ ಮಾತೇ ಸುಳ್ಳು. ಆ ಕಡೆ ಗ್ಯಾರೇಜಿನವರು ಗೇಜ್ ಹಚ್ಚಿಯೇ ಇರಲಿಲ್ಲ, ಸಪ್ಪಳ ಕೇಳಿ ಡ್ರೈವರನ ಮುಖ ನೋಡಿ ತೀರ್ಪು ಕೊಟ್ಟಿದ್ದರು.

ಹಾಗಾದರೆ ವಾಲ್ವು ಇರಬೇಕೆಂದುಕೊಂಡೆ. ಕಂಪ್ರೆಸರಿನ ಗಾಳಿಯನ್ನು ಪ್ಲಗ್ಗಿನ ತೂತಿನಿಂದ ಒಳಗೆ ಬಿಟ್ಟು ಸೈಲೆನ್ಸರಿನ ಬಾಯಿಗೆ ಕಿವಿ ಕೊಟ್ಟೆ, ಏರ್ ಫಿಲ್ಟರಿನ ಕೊಳವೆಗೆ ಕಿವಿ ಕೊಟ್ಟೆ, ಎಣ್ಣೆ ಹಾಕುವ ಬಾಯಿಗೂ ಕೊಟ್ಟೆ. ಎಲ್ಲೂ ಸುಂಯ್ ಎನ್ನಲಿಲ್ಲ. ಗಾಳಿ ಎಲ್ಲಿಯೂ ಸೋರುತ್ತಿಲ್ಲ, ಆದರೂ ಒತ್ತಡ ಹುಟ್ಟುತ್ತಿಲ್ಲ. ಇಂಥದ್ದು ಅಪರೂಪ. ಹುಡುಗರೇ, ಇಲ್ಲಿ ಬಹಳ ಜನ ಗೇಜನ್ನು ಬೈದು ಎದ್ದುಹೋಗುತ್ತಾರೆ. ನೀವು ಹೋಗಬೇಡಿ. ತೂತಿನೊಳಗೆ ಒಂದು ಉದ್ದನೆಯ ಕಡ್ಡಿ ಇಳಿಬಿಟ್ಟು, ಇಂಜಿನ್ನನ್ನು ಕೈಯಿಂದ ತಿರುಗಿಸಿ, ಪಿಸ್ಟನ್ ಎಷ್ಟು ಮೇಲೆ ಬರುತ್ತದೆಂದು ನೋಡಿ. ನಾನು ನೋಡಿದೆ. ಮೂರು ಪಿಸ್ಟನ್ ಒಂದೇ ಎತ್ತರಕ್ಕೆ ಬಂದವು, ಎರಡನೆಯದು ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ಕೆಳಗೇ ನಿಂತಿತು. ಪಿಸ್ಟನ್ ಹೊತ್ತ ಕನೆಕ್ಟಿಂಗ್ ರಾಡು ಬಾಗಿತ್ತು. ರಾಡು ಗಿಡ್ಡವಾದದ್ದರಿಂದ ಪಿಸ್ಟನ್ ಮೇಲಿನವರೆಗೂ ಬಂದು ಒತ್ತುತ್ತಿರಲಿಲ್ಲ, ಓರೆಯಾಗಿ ಗೋಡೆಗೆ ಬಡಿಯುತ್ತಿತ್ತು. ಕಟಕಟದ ಮೂಲ ಅದೇ.

ಮುಂಬಯಿಯಲ್ಲಿ ಇಂಥ ರಾಡು ಬಾಗುವುದಕ್ಕೆ ಮಳೆಗಾಲದ ನೀರೇ ಕಾರಣವೆಂದು ಕಣ್ಣುಮುಚ್ಚಿ ಹೇಳಬಹುದು. ನೀರು ತುಂಬಿದ ರಸ್ತೆಯಲ್ಲಿ ಇಂಜಿನ್ ನೀರು ಕುಡಿದು ಆಫ್ ಆಗುತ್ತದೆ. ನೀರನ್ನು ಗಾಳಿಯ ಹಾಗೆ ಅದುಮಲು ಬರುವುದಿಲ್ಲ. ಗಾಬರಿಯಲ್ಲಿ ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ರಾಡು ಸೋಲುತ್ತದೆ. ಪೂರ್ತಿ ಮುರಿಯದೆ ತುಸು ಬಾಗಿದರೆ ಗಾಡಿ ತಿಂಗಳುಗಟ್ಟಲೆ ಓಡುತ್ತದೆ, ಒಳಗೊಳಗೇ ಸವೆಯುತ್ತದೆ.

ಹೆಡ್ಡು ಬಿಚ್ಚಿದ ಮೇಲೆ ಉಳಿದ ಅನುಮಾನವೂ ಹೋಯಿತು. ಪಿಸ್ಟನ್ ಮುಟ್ಟದೆ ಬಿಡುವ ಮೇಲಿನ ಅಂಚಿನಲ್ಲಿ ಉರಿದ ಮಸಿ ಗಟ್ಟಿಯಾಗಿ ಒಂದು ಪಟ್ಟಿ ಕಟ್ಟುತ್ತದೆ. ಮೂರು ಸಿಲಿಂಡರಿನಲ್ಲಿ ಅದು ತೆಳುವಾಗಿತ್ತು. ಎರಡನೆಯದರಲ್ಲಿ ಅಗಲವಾಗಿ, ಉಗುರಿನಿಂದ ಕೆರೆದರೂ ಬಿಡದಷ್ಟು ಗಟ್ಟಿಯಾಗಿ ಕೂತಿತ್ತು. ಹೊಸದಾಗಿ ಬಾಗಿದ ರಾಡಾಗಿದ್ದರೆ ಅಲ್ಲಿ ಅಂಥ ಪಟ್ಟಿ ಕಟ್ಟುತ್ತಿರಲಿಲ್ಲ. ಅದು ಹಿಂದಿನ ಮಳೆಗಾಲದ ಗಾಯ. ಮಲ್ಲೇಶಿ ಕೆಲಸಕ್ಕೆ ಸೇರಿದ್ದು ಮಳೆ ಮುಗಿದ ಮೇಲೆ, ಮುಂದಿನ ಮಳೆ ಇನ್ನೂ ಬಂದಿರಲಿಲ್ಲ. ನನಗಾದ ಸಂತೋಷ ಹೇಳತೀರದು. ಗಾಡಿಯ ಸಂಕಟವನ್ನೂ ಕಂಡೆ, ಒಬ್ಬ ನಿರಪರಾಧಿಯನ್ನೂ ಬಿಡಿಸಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಕೂಡಲೇ ಸಾವಕಾರ್ರಿಗೆ ಫೋನ್ ಮಾಡಿ, ಕಣ್ಣಾರೆ ನೋಡಲು ಬನ್ನಿ ಅಂದೆ.

ಅವರು ರವಿವಾರ ಹೆಂಡತಿಯನ್ನೂ ಕರೆದುಕೊಂಡು ರಿಕ್ಷಾದಲ್ಲಿ ಬಂದರು. ಜೊತೆಗೆ ಮಲ್ಲೇಶಿಯೂ ಇದ್ದ. ಅವರು ಒಳಗೆ ಕಾಲಿಡುವ ಮೊದಲು ಅವನು ನನ್ನ ಹತ್ತಿರ ಸರಿದು, "ಕಾಕಾ, ಏನಿದ್ರೂ ಇರವೊಲ್ದ್ಯಾಕ. ರಿಪೇರಿ ಎಷ್ಟ ದಿನಕ್ಕ ಆಗತೈತಿ ಅಷ್ಟ ಹೇಳಿ ಬಿಡ್ರಿ," ಅಂದ.

"ಸುಮ್ನ ನಿಂದ್ರೊ. ನಿನ್ನ ಮ್ಯಾಲಿನ ಹೊಲಸ ತೊಳ್ಯಾಕತ್ತೀನಿ," ಅಂದೆ.

ಸಾವಕಾರ್ರಿಗೆ ಮಸಿ ತೋರಿಸಿದೆ, ಕಡ್ಡಿ ಇಟ್ಟು ಪಿಸ್ಟನ್ನಿನ ಎತ್ತರ ತೋರಿಸಿದೆ, ನೀರಿನ ಲೆಕ್ಕ ಬಿಡಿಸಿ ಹೇಳಿದೆ. "ಇದು ಎಣ್ಣಿ ಕೆಲಸ ಅಲ್ರಿ. ಹ್ವಾದ ಮಳಿಗಾಲದಾಗ ಯಾರೋ ನೀರಾಗ ನಿಂತ ಗಾಡಿಗೆ ಸೆಲ್ಫ್ ಹೊಡದಾರ. ಈ ಹುಡುಗ ಅವಾಗ ನಿಮ್ಮ ಕಡೆ ಇರಲೇ ಇಲ್ಲ."

ಸಾವಕಾರ್ರು ಬಗ್ಗಿ ಆ ಕಡ್ಡಿಯನ್ನೇ ನೋಡುತ್ತಿದ್ದರು. ಅವರ ಹೆಂಡತಿಯೇ ಬಾಯಿ ಬಿಟ್ಟರು. "ಹ್ವಾದ ಮಳಿಗಾಲದಾಗ ಡ್ರೈವರ್ ಎಲ್ಲಿದ್ನರಿ ನಮಗ? ಗಾಡಿ ನೀವ ಹೊಡೀತಿದ್ರೆಲಾ. ನೀರ ತುಂಬಿದ ಸಬ್‌ವೇದಾಗ ಗಾಡಿ ನಿಂತಿತ್ತು, ಎಂಟ್ಹತ್ ಸಲ ಸೆಲ್ಫ್ ಹೊಡದು ಚಾಲೂ ಮಾಡಿದ್ನಿ ಅಂತ ಮನಿಗೆ ಬಂದು ಹೇಳಿದ್ರಿ." ಆಮೇಲೆ ಆಕೆ ಒಳ್ಳೆಯ ಮನಸ್ಸಿನಿಂದಲೇ ಮಲ್ಲೇಶಿಯ ಕಡೆ ತಿರುಗಿ, "ಸುಮ್ಸುಮ್ನ ನಿನ್ನ ಅಂದ್ವಿ ನೋಡಪಾ," ಅಂದರು.

ಸಾವಕಾರ್ರು ಕೆಟ್ಟವರಲ್ಲ. ದನಿ ಏರಿಸಿ ಮಾತನಾಡಿದ್ದನ್ನು ನಾನು ಕೇಳಿಲ್ಲ. ಆ ಸಿಲಿಂಡರನ್ನು ಸ್ವಲ್ಪ ಹೊತ್ತು ನೋಡಿ, "ಇರಬೇಕು, ಇರಬೇಕು. ಛಲೋ ಪತ್ತೆ ಹಚ್ಚಿದ್ರಿ ಮಿಸ್ತ್ರಿ," ಅಂದರು. ರಾಡು, ಪಿಸ್ಟನ್ ಎಲ್ಲ ಹೊಸದು ಹಾಕಲು ಹೇಳಿ ಹೊರಗೆ ನಡೆದರು. ಮಲ್ಲೇಶಿ ಬಾಗಿಲಲ್ಲೇ ನಿಂತಿದ್ದ. ಅವನ ಪಕ್ಕದಿಂದ ಹಾದುಹೋಗುವಾಗ ಅವರು ಫೋನ್ ತೆಗೆದು ಅದರಲ್ಲಿ ಏನೋ ಹುಡುಕತೊಡಗಿದರು. ಮಲ್ಲೇಶಿಯ ಮುಖ ಸಪ್ಪಗಾಗಿತ್ತು. ಸಂಕೋಚ ಇರಬೇಕು ಅಂದುಕೊಂಡೆ. ಅವನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟು ಚಹಾ ತರಿಸಿದೆ.

ಇಂಜಿನ್ ಸರಿಹೋಯಿತು. ಗಾಡಿ ಒಯ್ಯಲು ಮಲ್ಲೇಶಿಯೇ ಬಂದಿದ್ದ, ಹೆಚ್ಚು ಮಾತಾಡಲಿಲ್ಲ. ಮುಂದಿನ ಸರ್ವಿಸಿಗೆ ಅದೇ ಗಾಡಿಯನ್ನು ಬೇರೊಬ್ಬ ತಂದ. ಪುರಾನಾ ಡ್ರೈವರ್ ಕಹಾಂ ಹೈ ಎಂದು ಕೇಳಿದೆ. ಗೊತ್ತಿಲ್ಲ, ಬಿಟ್ಟು ಹೋದನಂತೆ ಅಂದ. ಊರಿಗೆ ಹೋಗಿರಬಹುದು, ಇನ್ನೂ ಒಳ್ಳೆಯ ಕೆಲಸ ಸಿಕ್ಕಿರಬಹುದು ಎಂದು ಸಮಾಧಾನ ಹೇಳಿಕೊಂಡೆ. ಸಾವಕಾರ್ರಿಗೆ ಫೋನ್ ಮಾಡಿ ಕೇಳಲು ಧೈರ್ಯ ಬರಲಿಲ್ಲ.

ಅವನು ಊರಿಗೆ ಹೋಗಿರಲಿಲ್ಲ. ನಮ್ಮ ಗ್ಯಾರೇಜಿನ ಹಿಂದಿನ ರಸ್ತೆಯಲ್ಲಿ ಒಂದು ಹಳೆಯ ಚಾಳು ಕೆಡವಿ ಟವರ್ ಕಟ್ಟುತ್ತಿದ್ದರು. ಊಟದ ಹೊತ್ತಿನಲ್ಲಿ ಅಲ್ಲಿಂದ ಹಾದುಹೋಗುವಾಗ ಯಾರೋ ಕನ್ನಡದಲ್ಲಿ ಕೂಗಿದ್ದು ಕೇಳಿ ತಿರುಗಿದೆ. ಗಂಗವ್ವ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತು ನಿಂತಿದ್ದಳು, ಮಲ್ಲೇಶಿ ಇಟ್ಟಿಗೆ ಇಳಿಸುತ್ತಿದ್ದ. ತಗಡಿನ ಶೆಡ್ಡಿನಲ್ಲಿ ನಾಲ್ಕು ಸಂಸಾರಗಳ ಜೊತೆ ಇದ್ದಾರೆಂದು ಆಮೇಲೆ ಗೊತ್ತಾಯಿತು.

"ಬೈದು ತಗದ್ರೇನೊ?" ಅಂತ ಕೇಳಿದೆ.

"ಇಲ್ರಿ, ಬೈಲಿಲ್ಲ. ಬೈದಿದ್ರ ಛಲೋ ಆಗ್ತಿತ್ತು." ಅವನು ಕೈಯ ಧೂಳು ಕೊಡವಿದ. "ಮೊದಲ ಗಾಡ್ಯಾಗ ಕುಂತ್ರ ದಾದರ ತನಕ ಮಾತಾಡ್ತಿದ್ರು. ಊರಾಗ ಮಳಿ ಹೆಂಗ, ಬೆಳಿ ಹೆಂಗ, ಎಲ್ಲಾ ಕೇಳ್ತಿದ್ರು. ಅವತ್ತಿನಿಂದ ಮಾತ ನಿಂತು. ಕನ್ನಡ್ಯಾಗ ನನ್ನ ಕಣ್ಣ ಕಂಡ್ರ ಹೊರಗ ನೋಡ್ತಿದ್ರು. ಅವರ ಮನ್ಯಾಗಿನ ಅಕ್ಕಾರು ಊಟಕ್ಕ ಕುಂತಾಗ ಒಮ್ಮೊಮ್ಮೆ ನಗಚಾಟಿಗಿ ಆ ಸಬ್‌ವೇ ಮಾತ ತಗೀತಿದ್ರಂತ. ಆಮ್ಯಾಲೆ ಒಂದಿನ, ಮಲ್ಲೇಶಿ, ಬ್ಯಾರೆ ಕಡೆ ನೋಡ್ಕೊ, ನಂದೇನು ಸಿಟ್ಟಿಲ್ಲ ಅಂದ್ರು. ಖರೇನ ಸಿಟ್ಟಿರಲಿಲ್ರಿ ಅವರಿಗೆ."

"ನೀ ಮಾಡಲಾರದ್ದನ್ನ ಮಾಡಿಲ್ಲ ಅಂತ ನಾ ಹೇಳಿದ್ದು ತಪ್ಪಾತೇನೊ?"

"ತಪ್ಪು ಯಾಕಾಗತೈತ್ರಿ. ನೀವು ಖರೇನ ಹೇಳಿದ್ರಿ." ಇನ್ನೆರಡು ಇಟ್ಟಿಗೆ ಇಳಿಸಿ ಮತ್ತೆ ಅಂದ, "ನನಗೂ ಗೊತ್ತಿತ್ರಿ, ಎಣ್ಣಿ ನಾ ದಿನಾ ನೋಡ್ತಿದ್ನಿ. ಒಪ್ಕೊಂಡಿದ್ದಕ್ಕ ಅವರು ಮಾಫ್ ಮಾಡಿದ್ರು. ಮಾಫ್ ಮಾಡಿದ ಮನಶ್ಯಾನ ಮ್ಯಾಲೆ ಅವರಿಗೆ ಒಂಥರಾ ಮಾಯಾ ಮಮತಾ ಹುಟ್ಟಿತ್ತು. ಹೆಣ್ತಿಗೆ ಎರಡ ಸೀರಿ ಕೊಟ್ಟಿದ್ರು. ಹಂಗ ನಡದಿತ್ತು."

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಎಂದರೆ ಹೇಳಲಾರೆ. ಗೇಜು ಸುಳ್ಳು ಹೇಳಿರಲಿಲ್ಲ, ಮಸಿ ಸುಳ್ಳು ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಗಂಗವ್ವ ನನ್ನನ್ನು ಒಮ್ಮೆ ನೋಡಿ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿಹೋದಳು.

ಈ ಕೆಲಸಕ್ಕೆ ಬರುವವರು ಹಾಗಾದರೆ ಏನು ಮಾಡಬೇಕು ಎಂದು ಕೇಳಿದರೆ ನಾನು ಮಾಡಿದ್ದನ್ನಷ್ಟೇ ಹೇಳಬಲ್ಲೆ. ಆಮೇಲಿನ ದಿನಗಳಲ್ಲಿ ಏನು ಕೆಟ್ಟಿದೆ ಎಂಬುದನ್ನು ಮಾತ್ರ ಹೇಳುತ್ತಿದ್ದೆ. ಯಾವಾಗ ಕೆಟ್ಟಿತು ಎಂದು ಯಾರಾದರೂ ಕೇಳಿದರೆ, ಬಿಚ್ಚಿದ ಮೇಲೂ ಅದು ಹೇಳಲು ಬರುವುದಿಲ್ಲ ಎನ್ನುತ್ತಿದ್ದೆ. ಅದು ಹಸಿ ಸುಳ್ಳು. ಆ ಸುಳ್ಳಿನಿಂದ ಯಾರಿಗಾದರೂ ಒಳ್ಳೆಯದಾಯಿತೋ ಇಲ್ಲವೋ ನನಗೆ ತಿಳಿಯದು, ನನಗೆ ಸಮಾಧಾನವಂತೂ ಸಿಗಲಿಲ್ಲ.

ಮಲ್ಲೇಶಿಗೆ ಇನ್ನೊಂದು ಕೆಲಸ ಹುಡುಕುವುದನ್ನು ಮಾತ್ರ ಬಿಡಲಿಲ್ಲ. ಗುರುತಿನವರನ್ನೆಲ್ಲ ಕೇಳಿ ಕೇಳಿ, ಕೊನೆಗೆ ಗೋರೆಗಾಂವ್ ಪೂರ್ವದ ಒಬ್ಬ ಡಾಕ್ಟರ ಮನೆಯಲ್ಲಿ ಡ್ರೈವರ್ ಬೇಕಾಗಿದ್ದಾನೆಂದು ತಿಳಿಯಿತು. ಖೋಲಿ ಇಲ್ಲ, ಕೆಲಸವಷ್ಟೇ. ಟವರಿನ ಹತ್ತಿರ ಹೋಗಿ ಹೇಳಿದೆ. ಅವನ ಮುಖದಲ್ಲಿ ಗೆಲುವು ಕಂಡಿತು, ಸ್ಟೇರಿಂಗ್ ಹಿಡಿದು ಬಹಳ ದಿನ ಆಗಿತ್ತಲ್ಲ. ಹೋಗುತ್ತೇನೆ ಅಂದ. ಆಮೇಲೆ ನೆಲ ನೋಡುತ್ತ ನಿಂತ.

"ಕಾಕಾ, ಒಂದ ಮಾತ. ಸಿಟ್ಟ ಆಗಬ್ಯಾಡ್ರಿ."

"ಹೇಳೊ."

"ಆ ಡಾಕ್ಟರ ಗಾಡಿ ಏನರೆ ಕೆಟ್ರ ನಾ ನಿಮ್ಮ ಕಡೆ ತರೂದಿಲ್ರಿ."

"ತರಬ್ಯಾಡ ತಮ್ಮಾ," ಅಂದೆ. ನಾನು ಗ್ಯಾರೇಜು ಬಿಡುವವರೆಗೂ ಅವನು ತರಲಿಲ್ಲ.